ಮನೆಗೆ ಬರುವ ಮಾರಾಟದ ಕರೆಗಳು: ಮೂಲ ಹುಡುಕಿ ನಿಲ್ಲಿಸುವ ಕ್ರಮ

ಬೇಡದ ಕರೆ ಬಂದ ಕೂಡಲೇ ಹೆಚ್ಚಿನವರು ಆ ನಂಬರನ್ನು ಬ್ಲಾಕ್ ಮಾಡುತ್ತಾರೆ. ಮರುದಿನ ಇನ್ನೊಂದು ನಂಬರಿನಿಂದ ಅದೇ ಪರ್ಸನಲ್ ಲೋನ್, ಅದೇ ಇನ್ಶೂರೆನ್ಸ್, ಮಂಗಳೂರಿನ ಅದೇ ಫ್ಲ್ಯಾಟ್. ಕರೆ ಮಾಡುವವರಿಗೆ ನಂಬರುಗಳಿಗೇನೂ ಬರಗಾಲ ಇಲ್ಲ. ಬ್ಲಾಕ್ ಮಾಡುತ್ತಾ ಕೂತರೆ ಪಟ್ಟಿ ಉದ್ದವಾಗುತ್ತದೆ, ಕರೆ ಕಡಿಮೆಯಾಗುವುದಿಲ್ಲ.

ನಮಗೆ ಎಲ್ಲವೂ ಒಂದೇ ರೀತಿಯ ಕಿರಿಕಿರಿ. ಆದರೆ ಈ ಕರೆಗಳಲ್ಲಿ ಬೇರೆ ಬೇರೆ ಬಗೆ ಉಂಟು. ಮಾರಾಟದ ಕರೆ ಮಾಡಲೆಂದೇ ನೋಂದಣಿ ಮಾಡಿಕೊಂಡ ಕಂಪನಿಯ ಕರೆ ಒಂದು ದಾರಿಯಲ್ಲಿ ನಿಲ್ಲುತ್ತದೆ. ನೋಂದಣಿ ಇಲ್ಲದವರದ್ದು ಇನ್ನೊಂದು ದಾರಿ. ನೀವೇ ಒಪ್ಪಿಗೆ ಕೊಟ್ಟ ಅಂಗಡಿಯದ್ದು ಮತ್ತೊಂದು. ಮೋಸದ ಕರೆಗಂತೂ ಪೂರ್ತಿ ಬೇರೆಯೇ ಕ್ರಮ. ಬಗೆ ಗೊತ್ತಾಗದೆ ಮದ್ದು ಮಾಡಿದರೆ ಅದು ಹಿಡಿಯುವುದಿಲ್ಲ.

ಮೊದಲು ಕ್ಯಾಲೆಂಡರಿನಲ್ಲಿ ಬರೆಯಿರಿ

ನಮ್ಮ ಕಾಸರಗೋಡು ಕಡೆಯ ಮನೆಗಳಲ್ಲಿ ಫೋನಿನ ಹತ್ತಿರವೇ ಒಂದು ದೊಡ್ಡ ಕ್ಯಾಲೆಂಡರ್ ತೂಗುತ್ತಿರುತ್ತದೆ. ಹಾಲಿನ ಲೆಕ್ಕ, ಗ್ಯಾಸ್ ಬುಕ್ ಮಾಡಿದ ದಿನ ಎಲ್ಲ ಅದರಲ್ಲೇ. ಬೇಡದ ಕರೆ ಬಂದ ದಿನದ ಚೌಕದಲ್ಲಿ ನಂಬರ್, ಗಂಟೆ, ಏನು ಮಾರಲು ಬಂದರು, ಯಾವ ಭಾಷೆಯಲ್ಲಿ ಮಾತಾಡಿದರು ಎಂದು ಬರೆದಿಡಿ. ಮನೆಯಲ್ಲಿ ಯಾರು ಫೋನ್ ಎತ್ತಿದರೂ ಬರೆಯಲಿ. ದೂರು ಕೊಡುವಾಗ ಇದೇ ಬೇಕಾಗುವುದು. ಬರೆಯದಿದ್ದರೆ ‘ಮೊನ್ನೆ ಯಾರೋ ಲೋನಿನವರು ಮಾಡಿದ್ದರು’ ಎಂಬಲ್ಲಿಗೆ ಮಾತು ನಿಂತುಹೋಗುತ್ತದೆ.

ಇನ್ನು ನಂಬರ್ ಓದುವುದು. 140ರಿಂದ ಶುರುವಾಗುವ ನಂಬರ್ ಆದರೆ ಅದು ನೋಂದಣಿ ಆದ ಟೆಲಿಮಾರ್ಕೆಟಿಂಗ್ ಕರೆ. ಮಾರಾಟದ ಕರೆಗಳಿಗಾಗಿಯೇ ಇಟ್ಟ ಸರಣಿ ಅದು. 1600ರಿಂದ ಶುರುವಾದರೆ ಬ್ಯಾಂಕು, ವಿಮಾ ಕಂಪನಿ, ಸರ್ಕಾರಿ ಸಂಸ್ಥೆಯಂಥವರ ಸೇವಾ ಕರೆ. ಕಂತು, ಕಾರ್ಡು, ಪಾಲಿಸಿ ಇಂಥ ವಿಷಯಗಳಿಗೆ ಅದನ್ನು ಬಳಸಬೇಕು, ಹೊಸ ಸ್ಕೀಮ್ ಮಾರಲು ಅಲ್ಲ. ಮಾಮೂಲಿ ಹತ್ತು ಅಂಕಿಯ ಮೊಬೈಲ್ ನಂಬರಿನಿಂದ ಮಾರಾಟದ ಕರೆ ಬಂದರೆ ಅದು ನಿಯಮಕ್ಕೆ ವಿರುದ್ಧ. ಟೆಲಿಮಾರ್ಕೆಟಿಂಗಿಗೆ ಸಾದಾ ನಂಬರ್ ಬಳಸುವಂತೆಯೇ ಇಲ್ಲ. ನಿಜ ಹೇಳಬೇಕೆಂದರೆ ಜಾಸ್ತಿ ಉಪದ್ರವ ಇವರದ್ದೇ.

ಭಾಷೆಯನ್ನು ಬರೆದಿಡಲು ಹೇಳಿದ್ದಕ್ಕೆ ಕಾರಣ ಇದೆ. ಕಾಸರಗೋಡಿನಲ್ಲಿ ನಮ್ಮದು ಕೇರಳ ಸರ್ಕಲ್, ಅಂದರೆ ಫೋನ್ ಕಂಪನಿಗಳ ಲೆಕ್ಕದಲ್ಲಿ ಕೇರಳ ವಲಯ. ಇಲ್ಲಿ ಕೊಂಡ ಸಿಮ್ಮಿಗೆ ಸುಮ್ನೆ ಸಾಲಾಗಿ ಡಯಲ್ ಮಾಡುವವರು ಮಲಯಾಳದಲ್ಲೇ ಶುರು ಮಾಡುತ್ತಾರೆ, ಇಲ್ಲವಾದರೆ ಹಿಂದಿಯಲ್ಲಿ. ಹಾಗಿರುವಾಗ ಕೇರಳದ ಸಿಮ್ಮಿಗೆ ಯಾರಾದರೂ ನೇರ ಕನ್ನಡದಲ್ಲಿ, ಅದೂ ನಿಮ್ಮ ಹೆಸರು ಹಿಡಿದು ಮಾತಾಡಿದರೆ ನಂಬರ್ ಹೋದ ದಾರಿಯನ್ನು ಗಡಿಯ ಆಚೆ ಹುಡುಕಬೇಕು. ಮಂಗಳೂರಿನ ಯಾವುದೋ ಆಸ್ಪತ್ರೆಯ ಚೀಟಿ, ಬಟ್ಟೆಯಂಗಡಿಯ ಬಿಲ್ಲು, ಚಿನ್ನದಂಗಡಿಯ ಲಕ್ಕಿ ಡ್ರಾ ಕೂಪನ್. ಕರ್ನಾಟಕದ ಸಿಮ್ಮಿಗೆ ಮಲಯಾಳದಲ್ಲಿ ಹೆಸರು ಹೇಳಿ ಕರೆ ಬಂದರೆ ಇದನ್ನೇ ತಿರುಗಿಸಿ ನೋಡಿ: ಉಪ್ಪಳದಲ್ಲೋ ಕುಂಬಳೆಯಲ್ಲೋ ಕಾಸರಗೋಡು ಪೇಟೆಯಲ್ಲೋ ಎಲ್ಲಿ ನಂಬರ್ ಬರೆದುಕೊಟ್ಟಿದ್ದೀರಿ? ಇದು ನಿಯಮವೇನಲ್ಲ, ನನ್ನ ಲೆಕ್ಕ. ಆದರೆ ಮೂಲ ಹುಡುಕಲು ಒಳ್ಳೆಯ ಸುಳಿವು.

1909: ಇಲ್ಲಿಂದ ಶುರು

ಮಾರಾಟದ ಕರೆ ಬೇಡ ಎಂದವರ ನಂಬರುಗಳ ‘ಡು ನಾಟ್ ಕಾಲ್’ ಪಟ್ಟಿ ಭಾರತದಲ್ಲಿ 2007ರಿಂದಲೇ ಇದೆ. ಈಗ ಜಾರಿಯಲ್ಲಿರುವುದು ಟ್ರಾಯ್, ಅಂದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, 2018ರಲ್ಲಿ ತಂದ ನಿಯಮ. 2025ರ ಫೆಬ್ರವರಿಯಲ್ಲಿ ಅದಕ್ಕೆ ತಿದ್ದುಪಡಿ ಆಯಿತು. ಜನ ಎಲ್ಲವನ್ನೂ ಸೇರಿಸಿ ಡಿಎನ್‌ಡಿ (ಡು ನಾಟ್ ಡಿಸ್ಟರ್ಬ್) ಎನ್ನುತ್ತಾರೆ. ಈ ಪಟ್ಟಿಗೆ ಸೇರಲು ಇರುವ ನಂಬರೇ 1909.

ಮೊಬೈಲಿನಿಂದ 1909ಕ್ಕೆ ‘ಫುಲ್ಲಿ ಬ್ಲಾಕ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಮೆಸೇಜ್ ಕಳಿಸಿ. ಹಳೆಯ ಕ್ರಮದಲ್ಲಿ ‘ಸ್ಟಾರ್ಟ್ 0’ ಎಂದು ಕಳಿಸುವುದೂ ಉಂಟು. ಒಂದಕ್ಕೆ ಉತ್ತರ ಬರದಿದ್ದರೆ ಇನ್ನೊಂದನ್ನು ಕಳಿಸಿ. ಎಲ್ಲವೂ ಬೇಡ ಎಂದು ಹೇಳಬೇಕಾಗಿಲ್ಲ. ಬ್ಯಾಂಕ್ ಮತ್ತು ವಿಮೆ, ಸೈಟು ಮತ್ತು ಮನೆ, ಶಿಕ್ಷಣ, ಆರೋಗ್ಯ, ಗೃಹಬಳಕೆ ಸಾಮಾನು ಮತ್ತು ವಾಹನ, ಫೋನ್ ಮತ್ತು ಮನರಂಜನೆ, ಪ್ರವಾಸ, ಆಹಾರ ಎಂದು ಎಂಟು ವಿಭಾಗ ಮಾಡಿದ್ದಾರೆ. ಬೇಕಾದ್ದನ್ನು ಮಾತ್ರ ತೆರೆದಿಡಬಹುದು. ನನ್ನನ್ನು ಕೇಳಿದರೆ ಪೂರ್ತಿ ಮುಚ್ಚುವುದೇ ವಾಸಿ. ಸಾಲ ಬೇಕಾದಾಗ ಬ್ಯಾಂಕ್ ಎಲ್ಲಿದೆ ಎಂದು ನಮಗೆ ಗೊತ್ತುಂಟಲ್ಲ.

ಮೆಸೇಜಿಗೆ ದುಡ್ಡಿಲ್ಲ. ಒಪ್ಪಿಗೆಯ ಉತ್ತರ ಬರುತ್ತದೆ, ಅದನ್ನು ಅಳಿಸಬೇಡಿ. ಒಂದು ವಾರ ಕಾದು ನೋಡಿ.

‘ಹಾಕಿದ್ದೇನೆ, ಆದರೂ ಪ್ರಯೋಜನ ಇಲ್ಲ’ ಎನ್ನುವವರಲ್ಲಿ ಅನೇಕರ ನೋಂದಣಿಯೇ ಆಗಿರುವುದಿಲ್ಲ. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು.

ಎರಡು ಸಿಮ್ಮಿನ ಫೋನೇ ಮೊದಲ ಅನುಮಾನ. ತಲಪಾಡಿ, ಮಂಜೇಶ್ವರ, ಉಪ್ಪಳ ಕಡೆ ಒಂದು ಕೇರಳದ ಸಿಮ್ಮು, ಒಂದು ಕರ್ನಾಟಕದ ಸಿಮ್ಮು ಇಟ್ಟುಕೊಂಡವರು ಎಷ್ಟೋ ಜನ. ಕರೆ ಬರುವುದು ಒಂದಕ್ಕೆ, ಮೆಸೇಜ್ ಹೋಗುವುದು ಇನ್ನೊಂದರಿಂದ. ಮೆಸೇಜ್ ಕಳಿಸುವ ಗುಂಡಿಯ ಹತ್ತಿರ 1 ಅಥವಾ 2 ಎಂಬ ಸಣ್ಣ ಅಂಕಿ ಕಾಣುತ್ತದೆ, ಅದನ್ನು ನೋಡಿ ಒತ್ತಿ. ಎರಡೂ ಸಿಮ್ಮಿನಿಂದ ಬೇರೆ ಬೇರೆಯಾಗಿ ಕಳಿಸಿದರೆ ಇನ್ನೂ ಒಳ್ಳೆಯದು. ನೀವು ಇರುವ ರಾಜ್ಯ ಯಾವುದು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಯಾವ ಸರ್ಕಲ್ಲಿನ ಸಿಮ್ಮಾದರೂ ನಂಬರ್ 1909ವೇ.

ಎರಡನೆಯದು ಸೊನ್ನೆ. ‘ಸ್ಟಾರ್ಟ್’ ಆದ ಮೇಲೆ ಒಂದು ಜಾಗ ಬಿಟ್ಟು ಅಂಕಿಯ ಸೊನ್ನೆ ಹಾಕಬೇಕು. ಇಂಗ್ಲಿಷಿನ ‘ಓ’ ಅಕ್ಷರ ಹಾಕಿದರೆ ಆಗುವುದಿಲ್ಲ. ಕನ್ನಡ ಕೀಬೋರ್ಡ್ ಇಟ್ಟುಕೊಂಡವರು ಕನ್ನಡದ ಸೊನ್ನೆ ಬಿದ್ದಿದೆಯೇ ಎಂದೂ ನೋಡಿ.

ಮೆಸೇಜ್ ಬರೆಯಲು ಆಗದವರು 1909ಕ್ಕೆ ಕರೆ ಮಾಡಿಯೂ ನೋಂದಾಯಿಸಬಹುದು. ಆದರೆ ಅಲ್ಲಿ ಯಂತ್ರದ ದನಿ ಹೇಳಿದಂತೆ ಗುಂಡಿ ಒತ್ತಬೇಕು. ಕೇರಳದ ಸಿಮ್ಮಿನಲ್ಲಿ ಕನ್ನಡ ಮಾತ್ರ ಬಲ್ಲ ಅಜ್ಜಿಗೆ ಅದು ಕಷ್ಟ. ಮಲಯಾಳ ಬಲ್ಲ ಮಕ್ಕಳು ಪಕ್ಕದಲ್ಲಿ ಕೂತು ಸ್ಪೀಕರ್ ಹಾಕಿ ಮಾಡಿಸಲಿ. ಟ್ರಾಯ್ ಡಿಎನ್‌ಡಿ ಎಂಬ ಆಪ್ ಕೂಡ ಇದೆ. ನೋಂದಣಿ ಆಗಿದೆಯಾ ಎಂದು ನೋಡಲು, ಆಮೇಲೆ ದೂರು ಕೊಡಲು ಅದು ಅನುಕೂಲ. ಕಂಪನಿ ಬದಲಿಸಿ ಪೋರ್ಟ್ ಮಾಡಿಸಿದ್ದರೆ ನೋಂದಣಿ ಉಳಿದಿದೆಯೇ ಎಂದು ಒಮ್ಮೆ ಪರೀಕ್ಷಿಸಿ.

ಲ್ಯಾಂಡ್‌ಲೈನ್ ಇದ್ದವರು ಅದೇ ಫೋನಿನಿಂದ 1909ಕ್ಕೆ ಕರೆ ಮಾಡಬೇಕು. ಮೊಬೈಲಿನಿಂದ ಮಾಡಿದರೆ ಮೊಬೈಲ್ ನಂಬರೇ ನೋಂದಣಿ ಆಗುತ್ತದೆ, 04994 ಎಂಬ ಕಾಸರಗೋಡು ಕೋಡಿನ ಮನೆ ಫೋನು ಹಾಗೆಯೇ ಬಡಿಯುತ್ತಿರುತ್ತದೆ.

ಸರಿಯಾಗಿ ನೋಂದಣಿ ಆಗಿದೆ, ಆದರೂ ಬರುತ್ತಿದೆ

ಹಾಗಾದರೆ ಕ್ಯಾಲೆಂಡರ್ ನೋಡಿ. ಒಂದೇ ಅಂಗಡಿಯ, ಒಂದೇ ಬ್ಯಾಂಕಿನ ಕರೆ ಮಾತ್ರ ಉಳಿದಿದೆಯಾ? ಹಾಗಿದ್ದರೆ ನೀವು ಎಲ್ಲೋ ಒಪ್ಪಿಗೆ ಕೊಟ್ಟಿದ್ದೀರಿ. ನೀವೇ ಒಪ್ಪಿಗೆ ಕೊಟ್ಟ ಕಂಪನಿಗೆ ಡಿಎನ್‌ಡಿ ತಡೆ ಇಲ್ಲ. ಎಕ್ಸಿಬಿಷನ್ನಿನಲ್ಲಿ ಡಬ್ಬಕ್ಕೆ ಹಾಕಿದ ಕೂಪನ್, ಲೋನ್ ಸಿಗುತ್ತದಾ ಎಂದು ನೋಡಲು ಹಾಕಿಕೊಂಡ ಆಪ್, ಆನ್‌ಲೈನ್ ಫಾರಂನ ಕೊನೆಯ ಆ ಸಣ್ಣ ಚೌಕದ ಗುರುತು. ‘ನಿಮ್ಮ ಪಾಲುದಾರ ಸಂಸ್ಥೆಗಳಿಂದಲೂ ಕರೆ ಪಡೆಯಲು ಒಪ್ಪುತ್ತೇನೆ’ ಎಂಬ ಸಾಲು ಅಲ್ಲೇ ಅಡಗಿರುತ್ತದೆ. ಇದಕ್ಕೆ ಆ ಕಂಪನಿಯ ಗ್ರಾಹಕ ಸೇವೆಗೇ ಬರೆದು ಒಪ್ಪಿಗೆ ವಾಪಸ್ ತೆಗೆದುಕೊಳ್ಳಬೇಕು. ಈಮೇಲ್ ಆದರೆ ಒಳ್ಳೆಯದು, ದಿನಾಂಕ ಉಳಿಯುತ್ತದೆ. 127ರಿಂದ ಶುರುವಾಗುವ ನಂಬರಿನಿಂದ ಒಪ್ಪಿಗೆ ಕೇಳುವ ಮೆಸೇಜ್ ಬಂದರೆ ಅದು ಅಧಿಕೃತ ವ್ಯವಸ್ಥೆಯದ್ದು. ಓದಿ ನೋಡಿ, ಬೇಡವಾದರೆ ಬೇಡ ಎನ್ನಿ.

ಕರೆ ನಿಮ್ಮ ಹೆಸರಿಗೆ ಬರದೆ ಯಾರೋ ಬೇರೆಯವರ ಹೆಸರಿಗೆ ಬರುತ್ತಿದೆಯಾ? ನಂಬರ್ ಹಳೆಯದು, ಯಜಮಾನರು ಮಾತ್ರ ನೀವು ಹೊಸಬರು. ಬಳಕೆ ನಿಂತ ನಂಬರನ್ನು ಕನಿಷ್ಠ 90 ದಿನ ಸುಮ್ಮನಿಟ್ಟು ಆಮೇಲೆ ಬೇರೆಯವರಿಗೆ ಕೊಡುತ್ತಾರೆ. ಆದರೆ ಮೊದಲಿನವರ ಸಾಲ, ಚಿಟ್ ಫಂಡ್, ಕೊರಿಯರ್ ಎಲ್ಲ ಕಡೆ ಅದೇ ನಂಬರ್ ಉಳಿದಿರುತ್ತದೆ. ಇದು ಮಾರಾಟದ ಕರೆ ಅಲ್ಲದ ಕಾರಣ ಡಿಎನ್‌ಡಿಗೆ ಸಿಕ್ಕುವುದಿಲ್ಲ. ‘ಈ ನಂಬರ್ ಈಗ ನನ್ನದು, ಅವರು ನನಗೆ ಗೊತ್ತಿಲ್ಲ’ ಎಂದು ಆ ಸಂಸ್ಥೆಗೆ ಬರೆದು ತಿಳಿಸಿ. ಫೋನಿನಲ್ಲಿ ಜಗಳ ಮಾಡಿದರೆ ಏನೂ ಆಗುವುದಿಲ್ಲ, ಎದುರಿಗಿರುವ ಹುಡುಗನಿಗೆ ಪಟ್ಟಿ ತಿದ್ದುವ ಅಧಿಕಾರ ಇರುವುದಿಲ್ಲ. ಸಾಲ ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡಬಾರದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಸೂಚನೆ ಕೊಟ್ಟಿದೆ. ಅದನ್ನೂ ಆ ಪತ್ರದಲ್ಲಿ ಬರೆಯಿರಿ.

ಇವೆರಡೂ ಅಲ್ಲ, ದಿನಕ್ಕೊಂದು ಹೊಸ ಹತ್ತಂಕಿಯ ನಂಬರ್ ಎಂದಾದರೆ ಅವರು ನೋಂದಣಿ ಇಲ್ಲದವರು. ಅವರು ಡಿಎನ್‌ಡಿ ಪಟ್ಟಿಯನ್ನು ನೋಡುವುದೇ ಇಲ್ಲ. ಇಲ್ಲಿ ದೂರು ಒಂದೇ ದಾರಿ.

ದೂರು ಕೊಡುವುದು

ಇದನ್ನು ಹೆಚ್ಚಿನವರು ಮಾಡುವುದಿಲ್ಲ. ‘ನಾನೊಬ್ಬ ಕೊಟ್ಟರೆ ಏನಾಗುತ್ತದೆ’ ಎಂದು ಬಿಡುತ್ತಾರೆ. ಆದರೆ 2025ರ ತಿದ್ದುಪಡಿಯ ಮೇಲೆ ಲೆಕ್ಕ ಬದಲಾಗಿದೆ. ಒಂದು ನಂಬರಿನ ಮೇಲೆ ಹತ್ತು ದಿನದೊಳಗೆ ಐದು ದೂರು ಬಂದರೆ ಸಾಕು, ಕ್ರಮ ತೆಗೆದುಕೊಳ್ಳಬೇಕು. ಮೊದಲು ಏಳು ದಿನದಲ್ಲಿ ಹತ್ತು ದೂರು ಬೇಕಿತ್ತು. ನೋಂದಣಿ ಇಲ್ಲದವರ ಮೇಲಿನ ದೂರಿಗೆ ಕ್ರಮ ಕೈಗೊಳ್ಳಲು ಮೊದಲು ಫೋನ್ ಕಂಪನಿಗೆ 30 ದಿನ ಇತ್ತು, ಈಗ ಐದೇ ದಿನ. ಮೊದಲ ಸಲ ಸಿಕ್ಕಿಬಿದ್ದವರ ಹೊರಹೋಗುವ ಕರೆ 15 ದಿನ ಬಂದ್. ಮತ್ತೆ ಸಿಕ್ಕಿದರೆ ಅವರ ಎಲ್ಲ ಸಂಪರ್ಕವೂ ಒಂದು ವರ್ಷ ಕಡಿತ. ಪಕ್ಕದ ಮನೆಗೂ ಅದೇ ನಂಬರಿನಿಂದ ಕರೆ ಬಂದಿರುವುದು ಸಾಮಾನ್ಯ. ಸಂಜೆ ಹಾಲಿನ ಡಿಪೋದಲ್ಲಿ ಸಿಕ್ಕಾಗ ನಂಬರ್ ತೋರಿಸಿ ಕೇಳಿ ನೋಡಿ. ಐದು ಮನೆಯವರು ಒಟ್ಟಾಗುವುದು ನಮ್ಮ ಊರಲ್ಲಿ ಕಷ್ಟವೇ?

ಕರೆ ಬಂದು ಏಳು ದಿನದೊಳಗೆ ದೂರು ಹೋಗಬೇಕು. ಮೊದಲು ಮೂರೇ ದಿನ ಇತ್ತು. ಕರೆ ಬಂದ ಸಿಮ್ಮಿನಿಂದಲೇ 1909ಕ್ಕೆ ಮೆಸೇಜ್: ಏನು ಮಾರಿದರು ಎಂದು ಎರಡು ಮಾತು, ಅಲ್ಪವಿರಾಮ, ಕರೆ ಬಂದ ನಂಬರ್, ಅಲ್ಪವಿರಾಮ, ದಿನಾಂಕ. ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ. ದಿನಾಂಕ ದಿನ, ತಿಂಗಳು, ವರ್ಷ ಈ ಕ್ರಮದಲ್ಲಿ ಇರಲಿ. 1909ಕ್ಕೆ ಕರೆ ಮಾಡಿ, ಆಪ್‌ನಲ್ಲಿ, ನಿಮ್ಮ ಫೋನ್ ಕಂಪನಿಯ ಸ್ವಂತ ಆಪ್‌ನಲ್ಲಿಯೂ ಕೊಡಬಹುದು. ದೂರಿನ ಸಂಖ್ಯೆ ಬರುತ್ತದೆ, ಕ್ಯಾಲೆಂಡರಿನ ಅದೇ ಚೌಕದಲ್ಲಿ ಬರೆದಿಡಿ.

ದೂರು ತಿರಸ್ಕಾರ ಆದರೆ ಕಾರಣ ನೋಡಿ. ದಿನಾಂಕ ತಪ್ಪಿರಬಹುದು, ನಂಬರಿನಲ್ಲಿ ಒಂದು ಅಂಕಿ ಬಿಟ್ಟಿರಬಹುದು, ಬೇರೆ ಸಿಮ್ಮಿನಿಂದ ಹೋಗಿರಬಹುದು. ಇನ್ನೊಂದು ವಿಷಯ: 140ರವರ ಮೇಲೆ ದೂರು ಕೊಡಬೇಕಾದರೆ ನಿಮ್ಮ ಡಿಎನ್‌ಡಿ ನೋಂದಣಿ ಆಗಿರಲೇಬೇಕು. ಹತ್ತಂಕಿಯ ಕಳ್ಳ ನಂಬರಿನವರ ಮೇಲಾದರೆ ನೋಂದಣಿ ಇಲ್ಲದಿದ್ದರೂ ಈಗ ದೂರು ಕೊಡಬಹುದು.

ಎತ್ತಿದರೆ ಮಾತೇ ಇಲ್ಲ

ಫೋನ್ ಎತ್ತಿ ಹಲೋ ಹಲೋ ಎಂದರೂ ಆಚೆಯಿಂದ ಸದ್ದಿಲ್ಲ, ಆಮೇಲೆ ಕಟ್. ವಯಸ್ಸಾದವರು ಇದಕ್ಕೆ ಹೆದರುತ್ತಾರೆ, ಮನೆಯಲ್ಲಿ ಯಾರಿದ್ದಾರೆ ಎಂದು ಕಳ್ಳರು ನೋಡುತ್ತಿದ್ದಾರಾ ಎಂದು. ಹೆಚ್ಚಾಗಿ ಇದು ಕಾಲ್ ಸೆಂಟರಿನ ಯಂತ್ರದ ಕೆಲಸ. ಆ ಯಂತ್ರ ಒಂದೇ ಸಲ ಹಲವು ನಂಬರ್ ಡಯಲ್ ಮಾಡುತ್ತದೆ. ಯಾರು ಮೊದಲು ಎತ್ತುತ್ತಾರೋ ಅವರಿಗೆ ಖಾಲಿ ಇರುವ ಹುಡುಗಿಯನ್ನು ಜೋಡಿಸುತ್ತದೆ. ಉಳಿದವರಿಗೆ ಮಾತಾಡಲು ಜನ ಇರುವುದಿಲ್ಲ, ಹಾಗಾಗಿ ಮೌನ. ಎರಡು ಸಲ ಹಲೋ ಎಂದು ಇಟ್ಟುಬಿಡಿ. ವಾಪಸ್ ಕರೆ ಮಾಡಬೇಡಿ. ಒಂದೇ ರಿಂಗ್ ಆಗಿ ನಿಂತ ಗುರುತಿಲ್ಲದ ವಿದೇಶಿ ನಂಬರಿಗಂತೂ ಮಾಡಲೇಬೇಡಿ, ದುಡ್ಡು ಹೋಗುತ್ತದೆ.

ಎಲ್ಲ ಹೊಸ ನಂಬರ್ ಮೌನ ಮಾಡಿದರೆ ಆಗುವುದಿಲ್ಲವಾ?

ಪಟ್ಟಣದವರು ಕೊಡುವ ಸಲಹೆ ಇದು. ಕಾಂಟ್ಯಾಕ್ಟಿನಲ್ಲಿ ಇಲ್ಲದ ನಂಬರುಗಳನ್ನು ಫೋನೇ ಮೌನ ಮಾಡುವ ಸೌಲಭ್ಯ ಈಗ ಹೆಚ್ಚಿನ ಸ್ಮಾರ್ಟ್‌ಫೋನಿನಲ್ಲಿ ಇದೆ. ಆದರೆ ನಮ್ಮ ಜಿಲ್ಲೆಯಲ್ಲಿ ಮಗನೋ ಅಳಿಯನೋ ಗಲ್ಫಿನಲ್ಲಿ ಇಲ್ಲದ ಮನೆ ಹುಡುಕುವುದು ಕಷ್ಟ. ಯುಎಇಯಲ್ಲಿ ವಾಟ್ಸ್ಆ್ಯಪ್‌ನ ಮಾತಿನ ಕರೆಗೆ ಬಹುಕಾಲದಿಂದ ತಡೆ ಇದೆ. ಹಾಗಾಗಿ ಯಾರದ್ದೋ ಫೋನಿನಿಂದ, ಯಾವುದೋ ಕಾರ್ಡಿನಿಂದ ಕರೆ ಬರುತ್ತಲೇ ಇರುತ್ತದೆ. ಅಡಿಕೆ ಕೊಳ್ಳುವವರು, ತೆಂಗಿನಕಾಯಿ ಕೀಳುವವರು, ಕರೆಂಟಿನ ಲೈನ್‌ಮ್ಯಾನ್, ಮಂಗಳೂರಿನ ಆಸ್ಪತ್ರೆಯಲ್ಲಿ ಸೇರಿದವರ ಕಡೆಯವರು, ಇವರೆಲ್ಲ ಹೊಸ ನಂಬರಿನವರೇ. ಮನೆಯ ಫೋನಿಗೆ ಈ ಮದ್ದು ಬೇಡ ಎಂಬುದು ನನ್ನ ಅಭಿಪ್ರಾಯ. ಬೇಕಾದರೆ ಕಾಲೇಜಿನ ಮಕ್ಕಳು ತಮ್ಮ ಫೋನಿಗೆ ಹಾಕಿಕೊಳ್ಳಲಿ.

ಮನೆಯ ಫೋನಿಗೆ ಬೇರೆ ಉಪಾಯ. +971 ಯುಎಇ, +966 ಸೌದಿ, +974 ಕತಾರ್, +968 ಒಮಾನ್, +965 ಕುವೈತ್, +973 ಬಹ್ರೇನ್. ಮನೆಯವರು ಇರುವ ದೇಶದ ಕೋಡ್ ಅನ್ನು ಫೋನಿನ ಹತ್ತಿರ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ. ಅದು ಮತ್ತು ನಮ್ಮ ದೇಶದ +91 ಬಿಟ್ಟು ಬೇರೆ ಯಾವ ಕೂಡಿಸುವ ಚಿಹ್ನೆಯ ನಂಬರ್ ಬಂದರೂ ಎತ್ತುವ ಅಗತ್ಯ ಇಲ್ಲ ಎಂದು ಹೇಳಿಕೊಡಿ. ಫೋನಿನಲ್ಲೇ ಇರುವ ಸ್ಪ್ಯಾಮ್ ಎಚ್ಚರಿಕೆಯನ್ನು ಆನ್ ಮಾಡಿಡಿ. ಕೆಲವು ಫೋನುಗಳಲ್ಲಿ 140ರಿಂದ ಶುರುವಾಗುವ ಎಲ್ಲ ನಂಬರನ್ನೂ ಒಟ್ಟಿಗೆ ತಡೆಯಲು ಬರುತ್ತದೆ, ಸೆಟ್ಟಿಂಗಿನಲ್ಲಿ ಹುಡುಕಿ. ಆ 1600ರದ್ದನ್ನು ಮಾತ್ರ ತಡೆಯಬೇಡಿ, ಬ್ಯಾಂಕಿನ ಬೇಕಾದ ಕರೆಯೂ ನಿಂತುಹೋಗುತ್ತದೆ.

ಇದು ಮಾರಾಟವೇ ಅಲ್ಲ

ಮೋಸದ ಕರೆ ಹೀಗಿರುತ್ತದೆ: ‘ನಾವು ಟ್ರಾಯ್‌ನಿಂದ, ಎರಡು ಗಂಟೆಯಲ್ಲಿ ನಿಮ್ಮ ನಂಬರ್ ಬಂದ್ ಆಗುತ್ತದೆ, 9 ಒತ್ತಿ.’ ಟ್ರಾಯ್ ಯಾರ ನಂಬರನ್ನೂ ಬಂದ್ ಮಾಡಲು ಕರೆ ಮಾಡುವುದಿಲ್ಲ. ‘ನಿಮ್ಮ ಹೆಸರಿನ ಪಾರ್ಸೆಲಿನಲ್ಲಿ ಡ್ರಗ್ಸ್ ಸಿಕ್ಕಿದೆ, ವಿಡಿಯೋದಲ್ಲಿ ಕೂರಿ, ನೀವು ಅರೆಸ್ಟ್.’ ವಿಡಿಯೋದಲ್ಲಿ ಅರೆಸ್ಟ್ ಮಾಡುವ ಕ್ರಮ ಕಾನೂನಿನಲ್ಲೇ ಇಲ್ಲ. ಒಟಿಪಿ ಕೇಳುವವರು, ಸ್ಟಾರ್ ಹಾಕಿ ಏನೋ ನಂಬರ್ ಒತ್ತಿ ಎನ್ನುವ ‘ಕೊರಿಯರ್’ನವರು ಕೂಡ ಇದೇ ಪೈಕಿ. ಸ್ಟಾರ್ ಹಾಕಿ ಒತ್ತಿದರೆ ನಿಮ್ಮ ಕರೆಗಳೆಲ್ಲ ಅವರ ನಂಬರಿಗೆ ತಿರುಗಬಹುದು.

ಇವನ್ನು 1909ಕ್ಕೆ ಹಾಕಿ ಕೂರಬೇಡಿ. ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ಚಕ್ಷು ಎಂಬ ವಿಭಾಗ 2024ರ ಮಾರ್ಚ್‌ನಿಂದ ಇದೆ. ಅನುಮಾನದ ಕರೆ, ಮೆಸೇಜ್, ವಾಟ್ಸ್ಆ್ಯಪ್ ಎಲ್ಲವನ್ನೂ ಅಲ್ಲಿ ತಿಳಿಸಬಹುದು. ದುಡ್ಡು ಹೋಗಿದ್ದರೆ ಚಕ್ಷು ಅಲ್ಲ, ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಇಲ್ಲಿ ಒಂದೊಂದು ನಿಮಿಷವೂ ಲೆಕ್ಕ, ದುಡ್ಡು ಖಾತೆಯಿಂದ ಖಾತೆಗೆ ಓಡುವ ಮೊದಲು ತಡೆಯಬೇಕು. ನಾಚಿಕೆಯಿಂದ ಮಕ್ಕಳಿಗೂ ಹೇಳದೆ ಎರಡು ದಿನ ಇಟ್ಟುಕೊಳ್ಳುವವರು ಇದ್ದಾರೆ. ಮನೆಯ ಹಿರಿಯರಿಗೆ ಮೊದಲೇ ಹೇಳಿಡಿ: ಮಾವ, ಅತ್ತೆ, ಏನಾದರೂ ಆದರೆ ಮೊದಲು ನಮಗೆ ಹೇಳಿ, ಯಾರೂ ಬೈಯುವುದಿಲ್ಲ.

ಫೋನ್ ಎತ್ತುವವರಿಗೆ

ನಮ್ಮ ಹಿರಿಯರ ಸೌಜನ್ಯವೇ ಕೆಲವೊಮ್ಮೆ ಕರೆ ಹೆಚ್ಚಿಸುತ್ತದೆ. ಆಚೆಯವರು ಮಲಯಾಳದಲ್ಲಿ ಗಡಗಡ ಹೇಳುತ್ತಾರೆ, ಈಚೆ ಅಜ್ಜ ಪೂರ್ತಿ ಅರ್ಥವಾಗದೆ ‘ಶರಿ ಶರಿ’ ಎನ್ನುತ್ತಾರೆ. ಅಥವಾ ‘ಈಗ ಊಟದ ಹೊತ್ತು, ಮತ್ತೆ ಮಾಡಿ’. ಕಾಲ್ ಸೆಂಟರಿನಲ್ಲಿ ಪ್ರತಿ ಕರೆಯ ಕೊನೆಗೆ ಫಲಿತಾಂಶ ಗುರುತು ಹಾಕುತ್ತಾರೆ: ಆಸಕ್ತಿ ಇದೆ, ಆಮೇಲೆ ಮಾಡಬೇಕು, ಬೇಡ. ಅಜ್ಜ ಹೇಳಿದ್ದು ಮೊದಲ ಎರಡರಲ್ಲಿ ಒಂದಕ್ಕೆ ಬೀಳುತ್ತದೆ. ಇನ್ನೊಂದು ವಾರ ಕರೆ ಖಾಯಂ. ಅದಕ್ಕಿಂತ ಕೆಟ್ಟದ್ದೆಂದರೆ ‘ಹೌದು’ ಎಂದದ್ದನ್ನೇ ಹಿಡಿದು ಯಾವುದಾದರೂ ಸೇವೆ ಶುರು ಮಾಡುವುದು.

‘ವೇಂಡ, ಇನಿ ವಿಳಿಕ್ಕರುದ್’ (ಬೇಡ, ಇನ್ನು ಕರೆ ಮಾಡಬಾರದು) ಎಂಬ ಮಲಯಾಳದ ಒಂದು ಸಾಲು ಎಲ್ಲರಿಗೂ ಕಲಿಸಿ. ಕನ್ನಡದವರು ಮಾಡಿದರೆ ‘ಬೇಡ, ನನ್ನ ನಂಬರ್ ಪಟ್ಟಿಯಿಂದ ತೆಗೆಯಿರಿ’. ಕಂಪನಿಯ ಹೆಸರು ಕೇಳಿ ಬರೆದುಕೊಂಡರೆ ಇನ್ನೂ ಒಳ್ಳೆಯದು, ಹೆಸರು ಕೇಳಿದ ಕೂಡಲೇ ಎಷ್ಟೋ ಜನ ತಾವೇ ಕಟ್ ಮಾಡುತ್ತಾರೆ. ಬೈಯಬೇಡಿ. ಆಚೆ ಕೂತದ್ದು ಸಂಬಳಕ್ಕೆ ದುಡಿಯುವ ನಮ್ಮಂಥದೇ ಮನೆಯ ಮಗು. ಬೈದರೆ ಅವರ ಪರದೆಯಲ್ಲಿ ನಿಮ್ಮ ನಂಬರೇನೂ ಅಳಿಸಿಹೋಗುವುದಿಲ್ಲ.

ಕೊನೆಯದಾಗಿ ಲ್ಯಾಂಡ್‌ಲೈನಿನವರಿಗೆ ಒಂದು ಪರೀಕ್ಷೆ. ಫೋನ್ ರಿಂಗ್ ಆಗುವಾಗ ಪರದೆಯಲ್ಲಿ ನಂಬರ್ ಕಾಣುತ್ತದಾ? ಹಳೆಯ ಸೆಟ್ಟುಗಳಲ್ಲಿ ಪರದೆಯೇ ಇರುವುದಿಲ್ಲ. ನಂಬರ್ ಗೊತ್ತಿಲ್ಲದೆ ದೂರು ಕೊಡಲು ಆಗುವುದಿಲ್ಲ, ಮೇಲೆ ಹೇಳಿದ್ದರಲ್ಲಿ ಅರ್ಧ ಉಪಯೋಗಕ್ಕೆ ಬರುವುದಿಲ್ಲ. ಪರದೆ ಇರುವ ಸೆಟ್ಟಿಗೆ ಬದಲಿಸಿ. ಬದಲಿಸಿದ ಮೇಲೂ ನಂಬರ್ ಕಾಣದಿದ್ದರೆ ನಿಮ್ಮ ಲೈನಿಗೆ ಕಾಲರ್ ಐಡಿ ಸೌಲಭ್ಯ ಹಾಕಿದ್ದಾರಾ ಎಂದು ಫೋನ್ ಕಂಪನಿಯಲ್ಲಿ ಕೇಳಿ, ಅದನ್ನು ಅವರ ಕಡೆಯಿಂದಲೇ ತೆರೆಯಬೇಕು.